ಸಿಂಗಾಪುರದಲ್ಲಿ ಏಡಿ ತಿನ್ನೋಕೆ ಎಲ್ಲಿಗೆ ಹೋಗಬೇಕು? ಮೊದಲು ಯಾವ ಏಡಿ ಅಂತ ಹೇಳಿ

ಸಿಂಗಾಪುರಕ್ಕೆ ಟಿಕೆಟ್ ಬುಕ್ ಮಾಡಿದವರು, ಮೀನು ಮಾಂಸ ತಿನ್ನುವವರಾದರೆ, ಕೇಳುವ ಮೊದಲ ಪ್ರಶ್ನೆ ಒಂದೇ: ಏಡಿ ತಿನ್ನೋಕೆ ಯಾವ ಹೋಟೆಲ್ ಒಳ್ಳೇದು? ನಾನು ಹೋಟೆಲಿನ ಹೆಸರು ಹೇಳುವ ಮೊದಲು ತಿರುಗಿ ಕೇಳುತ್ತೇನೆ. ನಿಮಗೆ ಗ್ರೇವಿ ಬೇಕಾ, ಒಣಗಿದ ಮಸಾಲೆ ಬೇಕಾ, ಸೂಪು ಬೇಕಾ? ಯಾಕೆಂದರೆ ಅಲ್ಲಿನ ಹೆಸರಾಂತ ಹೋಟೆಲುಗಳು ಒಂದೊಂದು ಏಡಿ ಅಡುಗೆಗೆ ಹೆಸರು ಮಾಡಿವೆ. ಕಾಳುಮೆಣಸಿನ ಏಡಿಗೆ ಹೆಸರಾದ ಕಡೆ ಕೂತು ಚಿಲ್ಲಿ ಕ್ರ್ಯಾಬ್ ತರಿಸಿ, "ಇಷ್ಟೇನಾ?" ಅಂತ ಎದ್ದು ಬಂದವರು ಬೇಕಾದಷ್ಟು ಜನ ಇದ್ದಾರೆ. ಅಡುಗೆ ಆರಿಸಿಕೊಂಡರೆ ಹೋಟೆಲ್ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಹೋಟೆಲಿನಲ್ಲಿರಲಿ, ಗಲ್ಲಿಯ ಅಂಗಡಿಯಲ್ಲಿರಲಿ, ಬಾಣಲೆಗೆ ಬೀಳುವ ಏಡಿ ಹೆಚ್ಚುಕಡಿಮೆ ಒಂದೇ ಜಾತಿಯದು. ಅದು ಮಡ್ ಕ್ರ್ಯಾಬ್, ಅಂದರೆ ಅಳಿವೆ, ಕಾಂಡ್ಲಾ ಕಾಡಿನ ಕೆಸರಿನಲ್ಲಿ ಬೆಳೆಯುವ ಏಡಿ. ಸಿಂಗಾಪುರದ ಸಮುದ್ರದಲ್ಲಿ ಅಷ್ಟು ಏಡಿ ಎಲ್ಲಿಂದ ಬರಬೇಕು? ಬಹುಪಾಲು ಆಮದು. ಶ್ರೀಲಂಕಾದ ಏಡಿಗೆ ಬೇಡಿಕೆ ಜಾಸ್ತಿ. ಕೊಂಡಿ ದಪ್ಪ, ಒಳಗೆ ಮಾಂಸ ಗಟ್ಟಿ. ಇಂಡೋನೇಷ್ಯಾ, ವಿಯೆಟ್ನಾಂ, ಫಿಲಿಪ್ಪೀನ್ಸ್‌ನಿಂದಲೂ ಬರುತ್ತವೆ. ನಮ್ಮ ದೇಶದಿಂದಲೂ ವಿಮಾನ ಹತ್ತಿ ಹೋಗುತ್ತವೆ. ಲಂಕಾದ ಒಳ್ಳೆಯ ಏಡಿಯೆಲ್ಲ ಹೀಗೆ ರಫ್ತಾಗಿ ಹೋಗುತ್ತಿರುವುದನ್ನು ನೋಡಿಯೇ ಕ್ರಿಕೆಟಿಗರಾದ ಕುಮಾರ ಸಂಗಕ್ಕಾರ, ಮಹೇಲ ಜಯವರ್ಧನೆ ಇಬ್ಬರೂ ಅಡುಗೆಯವರಾದ ದರ್ಶನ್ ಮುನಿದಾಸ ಅವರ ಜೊತೆ ಸೇರಿ 2011ರಲ್ಲಿ ಕೊಲಂಬೊದಲ್ಲಿ 'ಮಿನಿಸ್ಟ್ರಿ ಆಫ್ ಕ್ರ್ಯಾಬ್' ತೆರೆದರು. ಆ ಕಥೆ ಇನ್ನೊಮ್ಮೆ. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಏಡಿ ಒಂದೇ ಆದಾಗ ನೀವು ದುಡ್ಡು ಕೊಡುವುದು ಮಸಾಲೆಗೆ, ಕೂರುವ ಜಾಗಕ್ಕೆ, ಕಿಟಕಿಯಾಚೆ ಕಾಣುವ ನೀರಿಗೆ.

ಚಿಲ್ಲಿ ಕ್ರ್ಯಾಬ್: ಹೆಸರು ಖಾರ, ರುಚಿ ಸಿಹಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹೆಸರು ಕೇಳಿ ಹೆದರಬೇಡಿ. ನಮ್ಮ ಕರಾವಳಿಯ ಏಡಿ ಸುಕ್ಕ ತಿಂದು ಬೆಳೆದವರಿಗೆ ಇದು ಖಾರವೇ ಅಲ್ಲ. ಟೊಮೆಟೊ ಸಾಸು, ಚಿಲ್ಲಿ ಸಾಸು, ಬೆಳ್ಳುಳ್ಳಿ, ಶುಂಠಿ, ಹುದುಗಿಸಿದ ಸೋಯಾ ಪೇಸ್ಟ್ ಎಲ್ಲ ಸೇರಿದ ಕಿತ್ತಳೆ ಬಣ್ಣದ ಗೊಜ್ಜು. ಸಿಹಿ ಮುಂದೆ, ಹುಳಿ ಜೊತೆಗೆ, ಖಾರ ಕೊನೆಗೆ ಸಣ್ಣಗೆ. ಒಲೆಯಿಂದ ಇಳಿಸುವ ಮುಂಚೆ ಕದಡಿದ ಮೊಟ್ಟೆ ಸುರಿದು ನಿಧಾನಕ್ಕೆ ತಿರುಗಿಸುತ್ತಾರೆ. ಅದು ಗೊಜ್ಜಿನೊಳಗೆ ತೆಳು ಎಳೆ ಎಳೆಯಾಗಿ ನಿಲ್ಲುತ್ತದೆ. ಆ ಎಳೆ ಕಾಣದೆ ಮೊಟ್ಟೆ ಗಂಟುಗಂಟಾಗಿದ್ದರೆ ಅಡುಗೆಯವರು ಅವಸರ ಮಾಡಿದ್ದಾರೆ ಅಂತಲೇ ಅರ್ಥ.

ಇದರ ಹುಟ್ಟಿನ ಕಥೆ ಚೆನ್ನಾಗಿದೆ. 1950ರ ದಶಕದಲ್ಲಿ ಚೆರ್ ಯಾಮ್ ಟಿಯಾನ್ ಅನ್ನುವ ಗೃಹಿಣಿ ಮನೆಯಲ್ಲಿ ಏಡಿಯನ್ನು ಹಬೆಯಲ್ಲಿ ಬೇಯಿಸುತ್ತಿದ್ದರು. ಗಂಡನಿಗೆ ಅದು ತಿಂದು ತಿಂದು ಬೇಜಾರಾಗಿ, ಬೇರೆ ಥರ ಮಾಡು ಅಂದರು. ಈಕೆ ಟೊಮೆಟೊ ಸಾಸ್ ಹಾಕಿ ಹುರಿದರು. ಬರೀ ಸಿಹಿ ಅನ್ನಿಸಿತು, ಬಾಟಲಿಯ ಚಿಲ್ಲಿ ಸಾಸ್ ಸೇರಿಸಿದರು. 1956ರ ಹೊತ್ತಿಗೆ ತಳ್ಳುಗಾಡಿಯಲ್ಲಿ ಮಾರಾಟ ಶುರುವಾಯಿತು. ಅದು ಬೆಳೆದು 1960ರ ದಶಕದಲ್ಲಿ 'ಪಾಮ್ ಬೀಚ್' ಹೋಟೆಲಾಯಿತು. ಮುಂದೆ ಕುಟುಂಬ ಹೋಟೆಲ್ ಮಾರಿ ನ್ಯೂಜಿಲೆಂಡಿಗೆ ಹೋಯಿತು. ಮಗ ರೋಲಂಡ್ ಲಿಮ್ ವಾಪಸ್ ಬಂದು 2000ದಲ್ಲಿ 'ರೋಲಂಡ್ ರೆಸ್ಟೋರೆಂಟ್' ತೆರೆದರು. ಚೆರ್ 2023ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಮೊದಲ ಅಡುಗೆಯಲ್ಲಿ ಮೊಟ್ಟೆ ಇರಲಿಲ್ಲ. ಮೊಟ್ಟೆ, ಸಾಂಬಾಲ್ ಅನ್ನುವ ಮೆಣಸಿನಕಾಯಿ ಚಟ್ನಿ, ನಿಂಬೆರಸ ಬಂದಿದ್ದು ಹೂಯಿ ಕೋಕ್ ವಾಯ್ ಅನ್ನುವ ಬಾಣಸಿಗರಿಂದ. ಅವರು 1963ರಲ್ಲಿ 'ಡ್ರ್ಯಾಗನ್ ಫೀನಿಕ್ಸ್' ಶುರುಮಾಡಿದವರು. ಈಗ ಊರ ತುಂಬ ಸಿಗುವ ಚಿಲ್ಲಿ ಕ್ರ್ಯಾಬ್ ಇವರ ದಾರಿಯದು. ಹೀಗೆ ಯಾರ ಮನೆಯಲ್ಲಿ ಹುಟ್ಟಿತು ಅಂತ ಇಷ್ಟು ಚೆನ್ನಾಗಿ ಗೊತ್ತಿದ್ದರೂ, 2009ರಲ್ಲಿ ಮಲೇಷ್ಯಾದ ಪ್ರವಾಸೋದ್ಯಮ ಸಚಿವೆ "ಚಿಲ್ಲಿ ಕ್ರ್ಯಾಬ್ ನಮ್ಮದು" ಅಂದುಬಿಟ್ಟರು. ಎರಡೂ ದೇಶದವರು ಕೆಲವು ದಿನ ಚೆನ್ನಾಗಿ ಜಗಳ ಆಡಿದರು. ಊಟದ ವಿಷಯ ಅಂದರೆ ಎಲ್ಲ ಕಡೆ ಹೀಗೇ ಅಲ್ವಾ.

ಸರಿ, ಹೋಟೆಲಿಗೆ ಬರೋಣ. ಪ್ರವಾಸಿಗರ ಬಾಯಲ್ಲಿ ಮೊದಲು ಬರುವ ಹೆಸರು ಜಂಬೊ ಸೀಫುಡ್. 1987ರಲ್ಲಿ ಈಸ್ಟ್ ಕೋಸ್ಟ್‌ನ ಸಮುದ್ರದಂಡೆಯಲ್ಲಿ ಶುರುವಾದದ್ದು, 2015ರಲ್ಲಿ ಷೇರು ಪೇಟೆಗೂ ಹೋಯಿತು. ಕಂಪನಿ ಇಷ್ಟು ದೊಡ್ಡದಾದರೆ ರುಚಿ ಇರುತ್ತದಾ ಅನ್ನುವ ಅನುಮಾನ ಸಹಜ. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿನ ಗೊಜ್ಜು ಬೆರಗುಗೊಳಿಸುವುದಿಲ್ಲ, ಕೈಕೊಡುವುದೂ ಇಲ್ಲ. ಸಿಹಿ, ಹುಳಿ, ಖಾರ ಅಳೆದು ಇಟ್ಟಂತೆ. ಯಾವ ಶಾಖೆಗೆ ಹೋದರೂ ಅದೇ ರುಚಿ. ಮೊದಲ ಸಲ ತಿನ್ನುವವರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಹಿರಿಯರಿಗೆ ಇದು ಸರಿ. ಸಿಬ್ಬಂದಿಗೆ ಪ್ರವಾಸಿಗರು ಹೊಸಬರಲ್ಲ. ಏಡಿ ಒಡೆಯೋಕೆ ಬಾರದೆ ಒದ್ದಾಡುತ್ತಿದ್ದರೆ ಹೇಗೆ ಅಂತ ತೋರಿಸಿಕೊಡುತ್ತಾರೆ. ಮೊದಲೇ ಟೇಬಲ್ ಬುಕ್ ಮಾಡಿಕೊಂಡು ಹೋಗಿ, ಶನಿವಾರ ಭಾನುವಾರವಂತೂ ಬಿಡಲೇಬೇಡಿ.

ಚಾಂಗಿ ವಿಮಾನ ನಿಲ್ದಾಣದ ಪಕ್ಕದ ಜ್ಯುವೆಲ್ ಮಾಲ್‌ನಲ್ಲೂ ಜಂಬೊ ಇದೆ. ಅಲ್ಲಿ ಬರೀ ವಿಮಾನ ಬದಲಿಸುವವರು ಒಂದು ವಿಷಯ ನೆನಪಿಡಿ. ಜ್ಯುವೆಲ್ ಇಮಿಗ್ರೇಷನ್‌ನ ಹೊರಗಡೆ ಇದೆ. ಟ್ರಾನ್ಸಿಟ್ ಗೇಟಿನಿಂದ ಸುಮ್ನೆ ಎದ್ದು ಹೋಗಿ ತಿಂದು ಬರೋಕೆ ಆಗಲ್ಲ. ದೇಶದೊಳಗೆ ಹೋಗುವ ಅನುಮತಿ ಬೇಕು.

ರೋಲಂಡ್ ಪೂರ್ತಿ ಬೇರೆ ಥರ. ಮರೀನ್ ಪರೇಡ್‌ನಲ್ಲಿ ಒಂದು ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಡದ ಮೇಲ್ಗಡೆ, ಆರನೇ ಅಂತಸ್ತಿನಲ್ಲಿ ಇದೆ. ಕೆಳಗೆ ನಿಂತು ನೋಡಿದರೆ ಇಲ್ಲಿ ಹೋಟೆಲ್ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಒಳಗೆ ದೊಡ್ಡ ಹಾಲು, ದುಂಡು ಮೇಜುಗಳು, ಸುತ್ತ ಕೂತ ಮೂರು ತಲೆಮಾರಿನ ಕುಟುಂಬಗಳು. ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವದ ಊಟಗಳು ನಡೆಯುತ್ತಿರುತ್ತವೆ. ಗೊಜ್ಜು ಸಿಹಿ ಕಡೆಗೆ ವಾಲಿರುತ್ತದೆ, ಹಳೇ ಕಾಲದ ರುಚಿ. ಕಿಟಕಿಯಾಚೆ ಚಂದದ ನೋಟ ಏನಿಲ್ಲ. ಆದರೆ ಚಿಲ್ಲಿ ಕ್ರ್ಯಾಬ್ ಹುಟ್ಟಿದ ಮನೆಯವರ ಕೈಯ ಅಡುಗೆ ಅನ್ನುವುದು ನಿಮಗೆ ಮುಖ್ಯವಾದರೆ ಬೇರೆಲ್ಲೂ ಹೋಗಬೇಡಿ. 2024ರಲ್ಲಿ ಮರೀನ್ ಪರೇಡ್‌ಗೆ ಮೆಟ್ರೊ ನಿಲ್ದಾಣ ಬಂದಮೇಲೆ ಹೋಗಿಬರುವುದೂ ಸಲೀಸು.

ಪಾಮ್ ಬೀಚ್ ಹೆಸರಿನ ಹೋಟೆಲ್ ಈಗ ಮರೀನಾ ಬೇ ದಡದಲ್ಲಿ, ವನ್ ಫುಲರ್ಟನ್ ಕಟ್ಟಡದಲ್ಲಿದೆ. ಎದುರಿಗೆ ಮರೀನಾ ಬೇ ಸ್ಯಾಂಡ್ಸ್, ಪಕ್ಕದಲ್ಲೇ ನೀರುಗುಳುವ ಮೆರ್ಲಯನ್, ಅಂದರೆ ಸಿಂಹದ ತಲೆ, ಮೀನಿನ ದೇಹದ ಪ್ರತಿಮೆ. ಫೋಟೊ ಬೇಕು, ದೀಪಗಳ ಎದುರು ಕೂತು ತಿನ್ನಬೇಕು ಅನ್ನುವವರಿಗೆ ಸರಿ. ಆ ನೋಟದ ಬಾಡಿಗೆ ನಿಮ್ಮ ಬಿಲ್ಲಿನಲ್ಲಿ ಇರುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು.

ಎಲ್ಲಿ ತಿಂದರೂ ಜೊತೆಗೆ ಮಂಟೌ ತರಿಸಲೇಬೇಕು. ಬಿಳಿ ಹಿಟ್ಟಿನ ಪುಟ್ಟ ಬನ್ನು. ಹಬೆಯಲ್ಲಿ ಬೇಯಿಸಿದ್ದೂ ಇರುತ್ತದೆ, ಎಣ್ಣೆಯಲ್ಲಿ ಕರಿದದ್ದೂ ಇರುತ್ತದೆ. ಕರಿದದ್ದನ್ನೇ ಕೇಳಿ. ಹೊರಗೆ ಹೊಂಬಣ್ಣದ ಗರಿಗರಿ ಸಿಪ್ಪೆ, ಒಳಗೆ ಹತ್ತಿ ಹಾಗೆ ಮೆತ್ತಗೆ. ಎರಡಾಗಿ ಹರಿದು ಗೊಜ್ಜಿನಲ್ಲಿ ಒತ್ತಿದರೆ ಒಳಭಾಗ ಕಿತ್ತಳೆ ಬಣ್ಣವಾಗುವಷ್ಟು ಹೀರಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಚಿಲ್ಲಿ ಕ್ರ್ಯಾಬ್‌ನಲ್ಲಿ ಏಡಿಗಿಂತ ಈ ಗೊಜ್ಜೇ ದೊಡ್ಡದು. ನನ್ನ ತಕರಾರೂ ಅದೇ. ಇಷ್ಟೊಂದು ಸಿಹಿ ಗೊಜ್ಜಿನ ಕೆಳಗೆ ಏಡಿಯ ತನ್ನದೇ ರುಚಿ ಅರ್ಧ ಮುಚ್ಚಿಹೋಗುತ್ತದೆ.

ಕಾಳುಮೆಣಸಿನ ಏಡಿ: ನನ್ನ ಓಟು ಇದಕ್ಕೆ

ಇದಕ್ಕೆ ಹೆಸರಾದದ್ದು ಲಾಂಗ್ ಬೀಚ್. 1946ರಲ್ಲಿ ಬೆಡೋಕ್ ಕಡೆ ಶುರುವಾದ ಹಳೇ ಹೋಟೆಲ್. ಕಪ್ಪು ಮೆಣಸಿನ ಏಡಿಯನ್ನು ಮೊದಲು ಮಾಡಿದ್ದು ನಾವೇ ಅಂತ ಹೇಳಿಕೊಳ್ಳುತ್ತಾರೆ. ಊರಿನಲ್ಲಿ ಅದಕ್ಕೆ ಎದುರು ಹೇಳುವವರೂ ಕಡಿಮೆ.

ಮಾಡುವ ರೀತಿ ಕೇಳಿದರೆ ಸುಲಭ ಅನ್ನಿಸುತ್ತದೆ. ಏಡಿಯನ್ನು ತುಂಡು ಮಾಡಿ, ಕೊಂಡಿಗೆ ಒಂದೇಟು ಹಾಕಿ ಬಿರುಕು ಬಿಡಿಸಿ, ಕಾದ ಎಣ್ಣೆಯಲ್ಲಿ ಒಮ್ಮೆ ಕರಿಯುತ್ತಾರೆ. ಬೇರೆ ಬಾಣಲೆಯಲ್ಲಿ ಬೆಣ್ಣೆ, ಬೆಳ್ಳುಳ್ಳಿ, ತರಿತರಿಯಾಗಿ ಕುಟ್ಟಿದ ಮೆಣಸು, ಆಯ್‌ಸ್ಟರ್ ಸಾಸು, ಸೋಯಾ ಸಾಸು. ಏಡಿ ಅದರಲ್ಲಿ ಬಿದ್ದು ಹೊರಳಿ, ನೀರೆಲ್ಲ ಆರಿ, ಮಸಾಲೆ ಚಿಪ್ಪಿಗೆ ಅಂಟಿಕೊಳ್ಳುವ ತನಕ ಹುರಿಯುತ್ತಾರೆ. ಬಟ್ಟಲಲ್ಲಿ ಗೊಜ್ಜು ಇರುವುದಿಲ್ಲ. ಕಪ್ಪಗೆ, ಜಿಡ್ಡಿನಿಂದ ಹೊಳೆಯುವ ತುಂಡುಗಳು ರಾಶಿ ಬಿದ್ದಿರುತ್ತವೆ. ಮೇಜಿನ ಮೇಲೆ ಇಡುವಾಗಲೇ ಮೆಣಸಿನ ಘಾಟು ಮೂಗಿಗೆ ಹೊಡೆಯುತ್ತದೆ.

ಇದನ್ನು ಚಮಚದಲ್ಲಿ ತಿನ್ನೋಕೆ ಆಗಲ್ಲ. ಕೊಂಡಿ ಎತ್ತಿ, ಚಿಪ್ಪಿನ ಮೇಲಿನ ಮಸಾಲೆಯನ್ನು ಮೊದಲು ಚೀಪಬೇಕು. ಅಲ್ಲಿ ಬೆಣ್ಣೆಯ ಸಿಹಿ, ಸ್ವಲ್ಪ ಸುಟ್ಟ ಬೆಳ್ಳುಳ್ಳಿ, ಹಲ್ಲಿಗೆ ಸಿಗುವ ಮೆಣಸಿನ ತುಣುಕು. ಆಮೇಲೆ ಚಿಪ್ಪು ಬಿಡಿಸಿದರೆ ಒಳಗಿನ ಮಾಂಸ ಬೆಳ್ಳಗೆ, ಮಸಾಲೆ ತಾಗದೆ, ತನ್ನ ಸಿಹಿಯನ್ನು ಹಾಗೇ ಉಳಿಸಿಕೊಂಡಿರುತ್ತದೆ. ಹೊರಗೊಂದು ರುಚಿ, ಒಳಗೊಂದು ರುಚಿ. ಎರಡೂ ಬಾಯಲ್ಲಿ ಸೇರಿದಾಗ ಆಗುವ ಮಜಾ ಚಿಲ್ಲಿ ಕ್ರ್ಯಾಬ್ ಕೊಡುವುದಿಲ್ಲ. ಮೆಣಸಿನ ಸಾರು, ಪೆಪ್ಪರ್ ಫ್ರೈ ಗೊತ್ತಿರುವ ನಮ್ಮ ನಾಲಿಗೆಗೆ ಇದು ಬೇಗ ಒಗ್ಗುತ್ತದೆ. ಮೆಣಸಿನ ಖಾರ ಮಾತ್ರ ಸುಮಾರಾಗಿಯೇ ಇರುತ್ತದೆ, ಮಕ್ಕಳಿಗೆ ಕಷ್ಟ.

ಲಾಂಗ್ ಬೀಚ್ ಬರೀ ಮಡ್ ಕ್ರ್ಯಾಬ್ ಇಟ್ಟುಕೊಂಡು ಕೂತಿಲ್ಲ. ಗಾಜಿನ ತೊಟ್ಟಿಗಳಲ್ಲಿ ಅಲಾಸ್ಕಾದ ಕಿಂಗ್ ಕ್ರ್ಯಾಬ್ ಥರದ ತಣ್ಣೀರಿನ ಏಡಿಗಳೂ ಜೀವಂತ ಇರುತ್ತವೆ. ನೋಡೋಕೆ ಚಂದ, ಜೇಬಿಗೆ ಭಾರ. ಶಾಖೆಗಳಲ್ಲಿ ನನಗೆ ಇಷ್ಟವಾದ ಜಾಗ ಡೆಂಪ್ಸಿ. ಬ್ರಿಟಿಷರ ಕಾಲದ ಸೈನಿಕರ ಬ್ಯಾರಕ್‌ಗಳು ಈಗ ಹೋಟೆಲುಗಳಾಗಿವೆ. ಸುತ್ತ ದೊಡ್ಡ ಮರಗಳು. ಒಂದೇ ತೊಂದರೆ, ಮೆಟ್ರೊ ಹತ್ತಿರ ಇಲ್ಲ, ಟ್ಯಾಕ್ಸಿ ಹಿಡಿಯಬೇಕು. ಹಾಗಾಗುವುದು ಬೇಡ ಅಂದರೆ ನದಿ ಪಕ್ಕದ ರಾಬರ್ಟ್‌ಸನ್ ಕೀ ಶಾಖೆ ನೋಡಬಹುದು.

ಬಿಳಿ ಮೆಣಸು

ಕಪ್ಪು ಮೆಣಸಿನದು ಗಟ್ಟಿ ರುಚಿ ಅನ್ನಿಸಿದವರಿಗೆ ಬಿಳಿ ಮೆಣಸಿನ ಏಡಿ ಇದೆ. ಇದನ್ನು ಪ್ರಸಿದ್ಧ ಮಾಡಿದ್ದು 'ನೋ ಸೈನ್‌ಬೋರ್ಡ್'. ಮೊದಲು ಅದೊಂದು ಹಾಕರ್ ಅಂಗಡಿ, ಅಂದರೆ ಅಗ್ಗದ ಊಟ ತಿಂಡಿ ಮಾರುವ ಪುಟ್ಟ ಅಂಗಡಿ. ಬೋರ್ಡು ಹಾಕೋಕೆ ದುಡ್ಡಿರಲಿಲ್ಲ, ಬಂದವರೆಲ್ಲ "ಆ ಬೋರ್ಡಿಲ್ಲದ ಅಂಗಡಿ" ಅಂತಲೇ ಕರೆದರು, ಅದೇ ಹೆಸರಾಯಿತು. ಮುಂದೆ ಕಂಪನಿಯಾಗಿ 2017ರಲ್ಲಿ ಷೇರು ಪೇಟೆಗೂ ಹೋಗಿ, ಆಮೇಲೆ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಹಳೇ ಬ್ಲಾಗುಗಳಲ್ಲಿ ಓದಿದ ವಿಳಾಸ ಹಿಡಿದು ಹೊರಡಬೇಡಿ, ಫೋನ್ ಮಾಡಿಯೇ ಹೋಗಿ. ಗೇಲಾಂಗ್ ಕಡೆಯ 'ಜೆಬಿ ಆ ಮೆಂಗ್' ಕೂಡ ಬಿಳಿ ಮೆಣಸಿನ ಏಡಿಗೆ ಹೆಸರಾದದ್ದೇ. ತೆಳು ರಸ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ. ಬಾಯಲ್ಲಿ ಸೌಮ್ಯ, ಗಂಟಲಿಗೆ ಇಳಿದಮೇಲೆ ಸಣ್ಣ ಉರಿ. ಏಡಿ ತಾಜಾ ಇಲ್ಲದಿದ್ದರೆ ಇದರಲ್ಲಿ ಮುಚ್ಚಿಡೋಕೆ ಜಾಗವೇ ಇಲ್ಲ.

ಶ್ಯಾವಿಗೆ ಜೊತೆ ಏಡಿ

ಪ್ರವಾಸಿಗರು ತಪ್ಪಿಸಿಕೊಳ್ಳುವುದು ಇದನ್ನು. ಊರಿನವರು ಕುಟುಂಬ ಸಮೇತ ಹೋಗಿ ತಿನ್ನುವುದೂ ಇದನ್ನೇ. ಅಲ್ಲಿ ಇದರ ಹೆಸರು ಕ್ರ್ಯಾಬ್ ಬೀ ಹೂನ್. ಬೀ ಹೂನ್ ಅಂದರೆ ನಮ್ಮ ಅಕ್ಕಿ ಶ್ಯಾವಿಗೆಯೇ. ಆಂಗ್ ಮೋ ಕಿಯೊದ 'ಮೆಲ್ಬೆನ್ ಸೀಫುಡ್' ಇದನ್ನು ಮಣ್ಣಿನ ಮಡಕೆಯಲ್ಲಿ ಕೊಡುತ್ತದೆ. ಸರ್ಕಾರಿ ವಸತಿ ಸಮುಚ್ಚಯದ ಬ್ಲಾಕೊಂದರ ಕೆಳಗೆ, ಫ್ಯಾನ್ ಗಾಳಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಬೇಕು. ಮಡಕೆ ಮುಚ್ಚಳ ತೆಗೆದರೆ ಹಾಲಿನ ಬಣ್ಣದ ಸಾರು ಇನ್ನೂ ಕುದಿಯುತ್ತಿರುತ್ತದೆ. ಮೇಲೆ ಕೆಂಪಗೆ ಬೆಂದ ಏಡಿ, ಕೆಳಗೆ ದಪ್ಪ ಶ್ಯಾವಿಗೆ. ಏಡಿಯ ರಸವೆಲ್ಲ ಸಾರಿಗೆ ಇಳಿದಿರುತ್ತದೆ, ಸಾರನ್ನು ಶ್ಯಾವಿಗೆ ಕುಡಿದಿರುತ್ತದೆ. ಮೊದಲು ಎರಡು ಚಮಚ ಬರೀ ಸಾರು ಕುಡಿಯಿರಿ, ಆಮೇಲೆ ಏಡಿಗೆ ಕೈಹಾಕಿ. ತಡಮಾಡಿದರೆ ಶ್ಯಾವಿಗೆ ಸಾರನ್ನೆಲ್ಲ ಹೀರಿ ಮುದ್ದೆಯಾಗುತ್ತದೆ.

ಸಾಯಂಕಾಲ ಏಳರ ಮೇಲೆ ಹೋದರೆ ಕಾಯಬೇಕಾಗುತ್ತದೆ. ಬೇಗ ಹೋಗಿ. ಅಲ್ಲಿ ಬಟರ್ ಕ್ರ್ಯಾಬ್ ಕೂಡ ಸಿಗುತ್ತದೆ. ಅದರ ಕೆನೆಯಂಥ ಗೊಜ್ಜು ಮಕ್ಕಳಿಗೆ ಹಿಡಿಸುತ್ತದೆ, ನನಗೆ ನಾಲ್ಕು ತುತ್ತಿಗೇ ಸಾಕಾಯಿತು.

ಇದಕ್ಕೇ ಇನ್ನೊಂದು ಹೆಸರು ಗೇಲಾಂಗ್‌ನ 'ಸಿನ್ ಹುವಾಟ್ ಈಟಿಂಗ್ ಹೌಸ್'. ಅಮೆರಿಕದ ಬಾಣಸಿಗ, ಟೀವಿಯ ಆಂಟನಿ ಬೋರ್ಡೇನ್ ಹೊಗಳಿ ಜಗತ್ತಿಗೆಲ್ಲ ಗೊತ್ತಾಯಿತು. ಇಲ್ಲಿ ಸಾರು ಇರುವುದಿಲ್ಲ. ಶ್ಯಾವಿಗೆ ಏಡಿಯ ರಸದಲ್ಲೇ ಹೊರಳಿ, ಒಣಗಿ ಬರುತ್ತದೆ. ರುಚಿ ಗಾಢ. ಜಾಗ ನೋಡಿದರೆ ಹಳೇ ಕಾಫಿ ಅಂಗಡಿ, ಬಿಲ್ಲು ನೋಡಿದರೆ ಸ್ಟಾರ್ ಹೋಟೆಲು. ಆರ್ಡರ್ ಮಾಡುವಾಗಲೇ ಒಟ್ಟು ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ, ಮುಜುಗರ ಬೇಡ.

ಎಲ್ಲವೂ ಒಂದೇ ಕಡೆ ಬೇಕೆಂದರೆ

ಬುಕಿತ್ ಮೇರಾ ಕಡೆಯ 'ಕೆಂಗ್ ಎಂಗ್ ಕೀ'ಗೆ ಹೋಗಿ. ಊರಿನವರು ಕೆಇಕೆ ಅನ್ನುತ್ತಾರೆ. ಇದೂ ವಸತಿ ಬ್ಲಾಕಿನ ಕೆಳಗಿನ ಅಂಗಡಿಯೇ. ಈಗ ನಡೆಸುತ್ತಿರುವುದು ಮೂರನೇ ತಲೆಮಾರು. ಒಳ್ಳೆಯ ಹೋಟೆಲುಗಳನ್ನು ಗುರುತಿಸುವ ಮಿಷೆಲಿನ್ ಗೈಡ್‌ನಲ್ಲೂ ಹೆಸರು ಬಂದಿದೆ. ಇಲ್ಲಿ ಚಿಲ್ಲಿ ಕ್ರ್ಯಾಬೂ ಚೆನ್ನ, ಕಪ್ಪು ಮೆಣಸಿನದೂ ಚೆನ್ನ. ಜೊತೆಗೆ ಕಾಫಿ ಹಾಕಿ ಮಾಡುವ ಹಂದಿಯ ಪಕ್ಕೆಲುಬು, ಮೇಲೆ ಹಸಿ ಮೊಟ್ಟೆ ಒಡೆದು ಕೊಡುವ ಮೂನ್‌ಲೈಟ್ ಹೋರ್ ಫನ್ ಅನ್ನುವ ಅಗಲ ನೂಡಲ್ಸ್ ಕೂಡ ಹೆಸರುವಾಸಿ. ಬರೀ ಏಡಿ ಅಂತಲ್ಲದೆ ಒಂದು ಪೂರ್ತಿ ಊಟ ಬೇಕು, ದುಡ್ಡೂ ಹದದಲ್ಲಿರಬೇಕು ಅಂದರೆ ಇದು ಸರಿಯಾದ ಜಾಗ.

ಇಂಥ ಅಂಗಡಿಗಳಲ್ಲಿ ಉಪ್ಪುಮೊಟ್ಟೆಯ ಏಡಿ ಅಂತ ಒಂದು ಸಿಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹಳದಿಯನ್ನು ಬೆಣ್ಣೆಯಲ್ಲಿ ಕರಗಿಸಿ, ಕರಿಬೇವಿನ ಜೊತೆ ಹುರಿದು ಏಡಿಗೆ ಲೇಪಿಸಿದ್ದು. ಕರಿಬೇವಿನ ಘಮ ಬಂದ ಕೂಡಲೇ ನಮ್ಮವರ ಮುಖ ಅರಳುತ್ತದೆ. ಒಂದು ಏಡಿ ಇದಾಗಿರಲಿ, ಊಟ ಪೂರ್ತಿ ಇದೇ ಆದರೆ ಜಿಡ್ಡು ಹೆಚ್ಚಾಗಿ ಬೇಗ ಸಾಕೆನ್ನಿಸುತ್ತದೆ.

ಹಂದಿ, ದನದ ಮಾಂಸ ಬಿಟ್ಟವರಿಗೆ ಒಂದು ಎಚ್ಚರಿಕೆ. ಇಂಥ ಚೀನೀ ಅಡುಗೆಮನೆಗಳಲ್ಲಿ ಒಂದೇ ಬಾಣಲೆ ಎಲ್ಲಕ್ಕೂ ಓಡಾಡುತ್ತದೆ. ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಅಭ್ಯಂತರ ಇದ್ದರೆ ಮೊದಲೇ ಕೇಳಿ, ಮರೆಮಾಚದೆ ಹೇಳುತ್ತಾರೆ. ಪೂರ್ತಿ ಸಸ್ಯಾಹಾರಿಗಳು ಜೊತೆಗಿದ್ದರೆ ದೊಡ್ಡ ಹೋಟೆಲುಗಳೇ ಮೇಲು. ಅಲ್ಲಿ ತರಕಾರಿ, ತೋಫು ಅಂತ ನಾಲ್ಕು ಬಗೆ ಇರುತ್ತದೆ.

ಬಿಲ್ಲು

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಮೆನುವಿನಲ್ಲಿ ಏಡಿಯ ಬೆಲೆ ಬಹಳ ಸಲ ಬರೆದಿರುವುದೇ ಇಲ್ಲ, 'ಸೀಸನಲ್ ಪ್ರೈಸ್' ಅಂತಿರುತ್ತದೆ. ಬರೆದಿದ್ದರೆ 100 ಗ್ರಾಂ ಲೆಕ್ಕದಲ್ಲಿ. ಹತ್ತು ಡಾಲರ್ ಅಂತ ನೋಡಿ ಏಡಿಗೆ ಹತ್ತೇ ಡಾಲರ್ ಅಂದುಕೊಂಡರೆ ಮುಗೀತು. 2023ರಲ್ಲಿ ಜಪಾನಿನ ಪ್ರವಾಸಿಯೊಬ್ಬರಿಗೆ ಹೀಗೇ ಆಯಿತು. ಅವರ ಮೇಜಿಗೆ ಬಂದದ್ದು ಮೂರು ಕಿಲೋ ಮೀರಿದ ಅಲಾಸ್ಕಾ ಕಿಂಗ್ ಕ್ರ್ಯಾಬ್. ಆ ಏಡಿಗೊಂದಕ್ಕೇ 938 ಸಿಂಗಾಪುರ ಡಾಲರ್ ಬಿಲ್ಲು ಬಂತು. ಪೊಲೀಸರನ್ನು ಕರೆಸುವವರೆಗೂ ಹೋಗಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಮಡ್ ಕ್ರ್ಯಾಬ್‌ಗೆ ಹೆಸರಾಂತ ಹೋಟೆಲುಗಳಲ್ಲಿ ಕಿಲೋಗೆ 100 ಡಾಲರ್ ಆಸುಪಾಸು ಅಂತ ಲೆಕ್ಕ ಇಟ್ಟುಕೊಳ್ಳಿ. ಹಬ್ಬ, ಮಳೆ, ಬರುವ ಮಾಲು ನೋಡಿ ಹೆಚ್ಚುಕಡಿಮೆ ಆಗುತ್ತದೆ. ಬ್ಲಾಕಿನ ಕೆಳಗಿನ ಅಂಗಡಿಗಳಲ್ಲಿ ಇದಕ್ಕಿಂತ ಇಳಿಯುತ್ತದೆ. ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಶೇ 10 ಸರ್ವಿಸ್ ಚಾರ್ಜು, ಅದರ ಮೇಲೆ ಜಿಎಸ್‌ಟಿ. 2024ರಿಂದ ಜಿಎಸ್‌ಟಿ ಶೇ 9. ಅಂದರೆ 100 ಡಾಲರ್ ಏಡಿ ಕೊನೆಗೆ 120 ಡಾಲರಿಗೆ ಹತ್ತು ಸೆಂಟು ಕಮ್ಮಿ. ಅದಾದಮೇಲೆ ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ಕೂತ ತಕ್ಷಣ ಕೇಳದೆಯೇ ಮುಂದೆ ಇಡುವ ಕಡಲೆಕಾಯಿ, ಉಪ್ಪಿನಕಾಯಿ ಥರದ ತಿನಿಸು, ಒದ್ದೆ ಟವೆಲ್ಲು, ಇದಕ್ಕೂ ಬಿಲ್ಲಿನಲ್ಲಿ ಒಂದೆರಡು ಡಾಲರ್ ಸೇರುತ್ತದೆ. ಬೇಡ ಅಂದರೆ ಮುಟ್ಟದೆ ವಾಪಸ್ ಕಳಿಸಿ. ಆದರೆ ಏಡಿ ತಿನ್ನುವ ದಿನ ಒದ್ದೆ ಟವೆಲ್ ವಾಪಸ್ ಕಳಿಸುವವರ ಧೈರ್ಯ ಮೆಚ್ಚಬೇಕು. ಅಂಗಡಿ ಕಡೆಗೆ ಹೋಗುವುದಾದರೆ ಟಿಶ್ಯೂ ಪೊಟ್ಟಣ ನೀವೇ ಇಟ್ಟುಕೊಳ್ಳಿ.

ಏಡಿ ಆರಿಸುವಾಗ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ತುಂಬಿದೆ ಅನ್ನುವುದನ್ನು ನೋಡಬೇಕು. ಚಿಪ್ಪು ಕಳಚಿ ಹೊಸ ಚಿಪ್ಪು ಬೆಳೆಸಿಕೊಂಡ ಏಡಿ ನೋಡೋಕೆ ದೊಡ್ಡದು, ಒಳಗೆ ಬರೀ ನೀರು. ಗಾತ್ರಕ್ಕೆ ತಕ್ಕ ತೂಕ ಇರಬೇಕು, ಹೊಟ್ಟೆ ಭಾಗದ ಚಿಪ್ಪು ಒತ್ತಿದರೆ ತಗ್ಗಬಾರದು. ಹೊಟ್ಟೆಯ ಮೇಲಿನ ಮಡಿಕೆ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಗಂಡಿನ ಕೊಂಡಿ ದೊಡ್ಡದು, ಕಪ್ಪು ಮೆಣಸಿಗೆ ಅದನ್ನೇ ಕೇಳಿ. ಹೆಣ್ಣಿನೊಳಗೆ ಕಿತ್ತಳೆ ಬಣ್ಣದ ತತ್ತಿ ಸಿಗುತ್ತದೆ, ಸೂಪಿಗೆ, ಉಪ್ಪುಮೊಟ್ಟೆಗೆ ಅದು ಒಳ್ಳೇದು. ತೊಟ್ಟಿಯ ಹತ್ತಿರ ಹೋಗಿ, ತೂಕ ಹಾಕಿಸಿ, ಒಟ್ಟು ಬೆಲೆ ಕೇಳಿ, ಆಮೇಲೆ ತಲೆಯಾಡಿಸಿ. ಹೀಗೆ ಕೇಳುವುದು ಅಲ್ಲಿ ಯಾರಿಗೂ ವಿಚಿತ್ರ ಅಲ್ಲ, ಊರಿನವರೂ ಹಾಗೇ ಮಾಡುತ್ತಾರೆ.

ಹಾಗಾದರೆ ಯಾರು ಎಲ್ಲಿಗೆ?

ಇಬ್ಬರೇ ಇದ್ದು ಒಂದೇ ರಾತ್ರಿ ಸಿಕ್ಕರೆ ಲಾಂಗ್ ಬೀಚ್‌ಗೆ ಹೋಗಿ, 800 ಗ್ರಾಂನಿಂದ ಒಂದು ಕಿಲೋ ಒಳಗಿನ ಗಂಡೇಡಿ, ಕಪ್ಪು ಮೆಣಸಿನಲ್ಲಿ. ಜೊತೆಗೆ ಒಂದು ಸೊಪ್ಪಿನ ಪಲ್ಯ, ಸ್ವಲ್ಪ ಫ್ರೈಡ್ ರೈಸ್. ಅಷ್ಟು ಸಾಕು.

ನಾಲ್ಕು ಜನ, ಅದರಲ್ಲಿ ಮಕ್ಕಳೂ ಇದ್ದಾರೆ ಅಂದರೆ ಜಂಬೊ. ಒಂದು ಚಿಲ್ಲಿ, ಒಂದು ಮೆಣಸಿನದು ತರಿಸಿ, ಮಂಟೌ ಮಾತ್ರ ಜಾಸ್ತಿ ಹೇಳಿ. ಈಸ್ಟ್ ಕೋಸ್ಟ್ ಶಾಖೆಯಾದರೆ ಕತ್ತಲಾಗುವ ಮುಂಚೆ ಹೋಗಿ ಹೊರಗಡೆ ಟೇಬಲ್ ಕೇಳಿ. ದೂರದಲ್ಲಿ ಲಂಗರು ಹಾಕಿದ ಹಡಗುಗಳ ಸಾಲು ಕಾಣುತ್ತದೆ, ಮಕ್ಕಳು ಅದನ್ನು ಎಣಿಸುತ್ತ ಕೂರುತ್ತಾರೆ, ನೀವು ನೆಮ್ಮದಿಯಾಗಿ ಕೊಂಡಿ ಒಡೆಯಬಹುದು.

ಮೊದಲೇ ಒಂದು ಸಲ ಹೋಗಿ ಚಿಲ್ಲಿ ಕ್ರ್ಯಾಬ್ ತಿಂದು ಬಂದವರು ಈ ಸಲ ಮೆಲ್ಬೆನ್‌ಗೆ ಹೋಗಲೇಬೇಕು. ಅಲ್ಲಿ ಕೆಲಸದ ಮೇಲೆ ಇರುವ ಗೆಳೆಯರು ಕರೆದುಕೊಂಡು ಹೋಗುತ್ತೇವೆ ಅಂದರೆ ಕೆಇಕೆ ಅನ್ನಿ, ಅವರ ಜೇಬಿಗೂ ಹಿತ. ಅಮ್ಮ ಅಪ್ಪನನ್ನು ಕರೆದುಕೊಂಡು ಹೋದವರಿಗೆ ರೋಲಂಡ್. ಗದ್ದಲ ಕಡಿಮೆ, ಜಾಗ ವಿಶಾಲ, ಲಿಫ್ಟ್ ಇದೆ, ಸಿಹಿಯಾದ ಗೊಜ್ಜು ಹಿರಿಯರ ಹೊಟ್ಟೆಗೂ ತೊಂದರೆ ಕೊಡುವುದಿಲ್ಲ.

ಮನೆಗೆ ತಗೊಂಡು ಹೋಗೋಕೆ ಚಿಲ್ಲಿ ಕ್ರ್ಯಾಬ್ ಪೇಸ್ಟಿನ ಪೊಟ್ಟಣ ಎಲ್ಲ ಕಡೆ ಸಿಗುತ್ತದೆ. ಪ್ರೈಮಾ ಟೇಸ್ಟ್‌ನದು ಸೂಪರ್ ಮಾರ್ಕೆಟ್‌ಗಳಲ್ಲೂ ಇರುತ್ತದೆ. ಏಡಿ ಸಿಗದಿದ್ದರೆ ಸೀಗಡಿ ಹಾಕಿ ಮಾಡಿದರೂ ಚೆನ್ನಾಗಿರುತ್ತದೆ. ಮೊಟ್ಟೆ ಮಾತ್ರ ಒಲೆ ಆರಿಸಿದಮೇಲೆ ಹಾಕಿ.